ರಿಂಗ್ ಆಗ್ತಾ ಇತ್ತು..

ನಮ್ಮ ಕಡೆ ಮದುವೆ ಮನೆಗೆ ಹೋದ್ರೆ ನನಗೊಂದು ಪೀಕಲಾಟ. ಊಟದ ಪಂಕ್ತೀಲಿ ಪಕ್ಕದಲ್ಲಿ ಕೂತವರು "ಎಲ್ಲಿ ಕೆಲಸ?" ಅಂತಾರೆ. "ಬೆಂಗಳೂರು, ಸಾಫ್ಟ್‌ವೇರು" ಅಂದು ಸುಮ್ಮನಾದ್ರೆ ಅಲ್ಲಿಗೆ ಮುಗೀತು. ನಾನು ಬಾಯಿ ತಪ್ಪಿ "ಟೆಲಿಕಾಂ" ಅಂದುಬಿಡ್ತೀನಿ. ತಕ್ಷಣ ಹೋಳಿಗೆ ಬಡಿಸ್ತಿದ್ದವರೂ ನಿಂತ್ಕೊಂಡು, "ಹೌದನಾ? ನಮ್ಮನೆ ಹತ್ರ ನೆಟ್‌ವರ್ಕೇ ಸಿಗಲ್ಲ ಮಾರಾಯ. ಮಾತಾಡ್ಬೇಕು ಅಂದ್ರೆ ಗೇರು ಮರದ ಬುಡಕ್ಕೆ ಹೋಗ್ಬೇಕು. ಎಂತಾದ್ರೂ ಮಾಡು" ಅಂತಾರೆ. ನನ್ನ ಕೆಲಸಕ್ಕೂ ಅವರ ಗೇರು ಮರಕ್ಕೂ ಸಂಬಂಧ ಇಲ್ಲ ಅಂತ ಬಿಡಿಸಿ ಹೇಳೋ ಹೊತ್ತಿಗೆ ಮಜ್ಜಿಗೆ ಬಂದಿರುತ್ತೆ :)

ನಮ್ಮನೇಲಿ ಇದೇನು ಹೊಸ ಪೀಕಲಾಟ ಅಲ್ಲ. ಅಪ್ಪ ಟೆಲಿಫೋನ್ ಲೈನ್‌ಮ್ಯಾನ್ ಆಗಿದ್ದ. ಹೊಸನಗರದ ಆಚೆ ಕಾಡು, ಹೊಳೆ, ಗುಡ್ಡ ದಾಟಿ ಹೋಗೋ ತಂತಿಗಳನ್ನ ಜೀವಂತ ಇಡೋದು ಅವನ ಕೆಲಸ. ಅವನಿಗೂ ಮದುವೆ ಮನೇಲಿ ಇದೇ ಪಾಡು. "ನಮ್ಮನೆ ಫೋನು ಡೆಡ್ಡು, ನೀವು ಇಲ್ಲಿ ಊಟ ಮಾಡ್ತಾ ಕೂತಿದೀರಲ್ಲ!" ಅಪ್ಪ ಕಂಬ ಹತ್ತಿ ಫಾಲ್ಟ್ ತೆಗೀತಿದ್ದ. ನಾನು ಏಸಿ ರೂಮಲ್ಲಿ ಕೂತು, ಸಾವಿರಾರು ಮೈಲಿ ಆಚೆಯ ದೇಶದ ನೆಟ್‌ವರ್ಕಿನ ಫಾಲ್ಟ್ ತೆಗೀತೀನಿ. ಇಂಜಿನಿಯರಿಂಗ್ ಓದಿದ ಜಂಬದಲ್ಲಿ ಇವೆರಡೂ ಬೇರೆ ಬೇರೆ ಕೆಲಸ ಅಂದ್ಕೊಂಡಿದ್ದೆ. ಎರಡೂ ಒಂದೇ ಅಂತ ಗೊತ್ತಾಗಿದ್ದು ಇತ್ತೀಚೆಗೆ. ಅದೂ ಒಂದು ತಪ್ಪು ಮಾಡಿದ ಮೇಲೆ. ಅದನ್ನೇ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡ್ತೀನಿ. ನೀವು ಯಾರಿಗೋ ಫೋನ್ ಮಾಡ್ತೀರಿ. ಆ ಕಡೆಯವರು "ಹಲೋ" ಅನ್ನೋದಕ್ಕೆ ಮುಂಚೆ ನೆಟ್‌ವರ್ಕಿನ ಒಳಗೆ ಒಂದು ದೊಡ್ಡ ಮಾತುಕತೆ ನಡೆದಿರುತ್ತೆ. ಹುಡುಗ ಹುಡುಗಿ ಮಾತಾಡೋ ಮೊದಲೇ ಎರಡೂ ಕಡೆ ಹಿರಿಯರು ಕೂತು ಎಲ್ಲಾ ಮಾತಾಡಿಕೊಂಡಿರ್ತಾರಲ್ಲ, ಹಾಗೆ. "ಈ ನಂಬರಿನವರು ಈಗ ಎಲ್ಲಿದ್ದಾರೆ?" "ಇಂಥ ಊರಿನ ಸ್ವಿಚ್ಚಿನ ಕೆಳಗಿದ್ದಾರೆ." "ಸರಿ, ಅಲ್ಲಿಗೆ ಒಂದು ದಾರಿ ಕೊಡಿ." "ಕೊಟ್ಟೆ, ರಿಂಗ್ ಮಾಡ್ತಿದೀನಿ." ಈ ಹಿರಿಯರ ಮಾತುಕತೆಗೇ ಸಿಗ್ನಲಿಂಗ್ ಅಂತ ಹೆಸರು. ನಿಮ್ಮ ಮಾತು ಬೇರೆ, ನಿಮ್ಮ ಮಾತಿಗೆ ದಾರಿ ಮಾಡಿಕೊಡೋ ಈ ಮಾತು ಬೇರೆ.

ಹಿಂದೆ ಇವೆರಡೂ ಒಂದೇ ದಾರೀಲಿ ಹೋಗ್ತಿದ್ವು. ಅಮೆರಿಕದಲ್ಲಿ ಟ್ರಂಕ್ ಲೈನ್ ಖಾಲಿ ಇದೆ ಅಂತ ತಿಳಿಸೋಕೆ 2600 ಹರ್ಟ್ಸಿನ ಒಂದು ಸ್ವರ ಇತ್ತು. ಮಾತು ಹೋಗೋ ತಂತೀಲೇ ಅದೂ ಹೋಗ್ತಿತ್ತು. ಬೆಳಗಿನ ತಿಂಡಿ ಡಬ್ಬದ ಜೊತೆ ಪುಕ್ಕಟೆ ಕೊಡ್ತಿದ್ದ ಒಂದು ಆಟಿಕೆ ಪೀಪಿ ಊದಿದ್ರೆ ಸರಿಯಾಗಿ ಅದೇ ಸ್ವರ ಬರುತ್ತೆ ಅಂತ ಕೆಲವು ಹುಡುಗರು ಕಂಡುಹಿಡಿದ್ರು. ಆ ಪೀಪಿ ಊದಿ ಎಕ್ಸ್‌ಚೇಂಜನ್ನೇ ಯಾಮಾರಿಸಿ ಬಿಟ್ಟಿ ಕಾಲ್ ಮಾಡ್ತಿದ್ರು! ಮಾತಿಗೂ ಸಿಗ್ನಲಿಂಗಿಗೂ ಬೇರೆ ಬೇರೆ ರಸ್ತೆ ಮಾಡಿದ್ದರಿಂದ ಈ ಕಾಟ ತಪ್ಪಿತು. 1980ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದ ಸಿಗ್ನಲಿಂಗ್ ಸಿಸ್ಟಂ ನಂಬರ್ 7, ನಮ್ಮ ಬಾಯಲ್ಲಿ ಎಸ್ಎಸ್7, ಈ ಪ್ರತ್ಯೇಕ ರಸ್ತೆಗಳಲ್ಲಿ ದೊಡ್ಡದು. ನಾಲ್ಕನೇ, ಐದನೇ ತಲೆಮಾರಿನ ನೆಟ್‌ವರ್ಕುಗಳು ಬಂದು ಹೊಸ ಪ್ರೋಟೋಕಾಲುಗಳು ಬಂದಿದ್ರೂ, ಎಷ್ಟೋ ದೇಶಗಳಲ್ಲಿ ಈ ಮುದುಕ ಇನ್ನೂ ಕೋಲೂರಿಕೊಂಡು ಓಡಾಡ್ತಿದ್ದಾನೆ. ನನ್ನ ಹೊಟ್ಟೆಪಾಡು ಅವನ ಕೈಲಿದೆ.

ಎಸ್ಎಸ್7ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಎರಡು ಕೇಂದ್ರಗಳ ನಡುವಿನ ಹಳೇ ಕಾಲದ ಲಿಂಕಿನಲ್ಲಿ ಮಾತಾಡೋಕೆ ಏನೂ ಇಲ್ಲದಾಗಲೂ ಅವು ಸುಮ್ಮನಿರಲ್ಲ. ಒಳಗೇನೂ ಇಲ್ಲದ ಪುಟ್ಟ ಪುಟ್ಟ ಸಂದೇಶಗಳನ್ನ ಬಿಡದೇ ಕಳಿಸ್ತಾನೇ ಇರ್ತವೆ. ಅಜ್ಜಿ ಕಥೆ ಹೇಳುವಾಗ ನಾವು "ಹೂಂ.. ಹೂಂ.." ಅಂತಿರಬೇಕಲ್ಲ, ಹೂಂಗುಟ್ಟೋದು ನಿಂತ್ರೆ ಮೊಮ್ಮಗ ನಿದ್ದೆ ಹೋದ ಅಂತ ಅಜ್ಜಿಗೆ ಗೊತ್ತಾಗುತ್ತಲ್ಲ, ಅದೇ ಲೆಕ್ಕ. ಹೂಂಗುಟ್ಟೋದು ನಿಂತ್ರೆ ಅಥವಾ ತಪ್ಪು ತಪ್ಪಾಗಿ ಬಂದ್ರೆ ಲಿಂಕು ಬಿತ್ತು ಅಂತ ಲೆಕ್ಕ. ಆಗ ಟ್ರಾಫಿಕ್ಕು ತಾನಾಗೇ ಪಕ್ಕದ ಲಿಂಕಿಗೆ ಹೋಗುತ್ತೆ. ನಮ್ಮ ಪರದೆ ಮೇಲೆ ಒಂದು ಕೆಂಪು ಅಲಾರಂ ಬರುತ್ತೆ.

ಒಂದೇ ಬರುತ್ತೆ ಅಂದ್ಕೋಬೇಡಿ. ಎಲ್ಲೋ ರಸ್ತೆ ಅಗೆಯೋನು ಒಂದು ಫೈಬರ್ ಕತ್ತರಿಸಿದ ಅಂದ್ರೆ ಲಿಂಕಿನದ್ದೊಂದು, ಆ ಲಿಂಕನ್ನ ನಂಬಿದ ದಾರಿಯದ್ದೊಂದು, ಆ ದಾರಿಯನ್ನ ನಂಬಿದ ಸ್ವಿಚ್ಚುಗಳದ್ದು ಇಪ್ಪತ್ತು.. ಒಂದು ನಾಯಿ ಬೊಗಳಿದ್ರೆ ಊರಿನ ಎಲ್ಲಾ ನಾಯಿಗಳೂ ಶುರು ಹಚ್ಕೊಳ್ಳುತ್ವಲ್ಲ, ಹಾಗೆ. ಮೊದಲು ಬೊಗಳಿದ ನಾಯಿ ಯಾವುದು ಅಂತ ಹುಡುಕೋದೇ ನಮ್ಮ ಅರ್ಧ ಕೆಲಸ. ಅದನ್ನ ಹುಡುಕಿ, ಸರಿ ಮಾಡಿಸಿ, ಕೆಂಪು ಹೋಗಿ ಹಸಿರು ಬಂದ್ರೆ "ಕ್ಲಿಯರ್". ಟಿಕೆಟ್ ಕ್ಲೋಸು. ಮನೆಗೆ ಕ್ಯಾಬು.

ಈ "ಕ್ಲಿಯರ್" ಅನ್ನೋ ಪದದಲ್ಲೇ ಮೋಸ ಇರೋದು. ಅಲಾರಂ ಕ್ಲಿಯರ್ ಆಗೋದು ಬೇರೆ, ಫಾಲ್ಟ್ ಕ್ಲಿಯರ್ ಆಗೋದು ಬೇರೆ. ಎಸ್ಎಸ್7 ಮಾಡಿದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿದ್ದ ಲಿಂಕು ಎದ್ದು ಬಂದು "ನಾನು ಹುಷಾರಾದೆ" ಅಂದ ತಕ್ಷಣ ಅದನ್ನ ನಂಬಲ್ಲ. 64 ಕಿಲೋಬಿಟ್ಟಿನ ಲಿಂಕಾದ್ರೆ ಮಾಮೂಲಿ ಸಂದರ್ಭದಲ್ಲಿ ಸುಮಾರು 8.2 ಸೆಕೆಂಡು ಅದನ್ನ ಪರೀಕ್ಷೆಗೆ ಇಡ್ತಾರೆ. ಅಷ್ಟು ಹೊತ್ತು ಅದು ತಪ್ಪಿಲ್ಲದೆ ಹೂಂಗುಟ್ಟಿ ತೋರಿಸಬೇಕು. ಆಮೇಲೇ ಟ್ರಾಫಿಕ್ಕು. ಜ್ವರ ಬಿಟ್ಟ ಹುಡುಗನನ್ನ ಅವತ್ತೇ ಶಾಲೆಗೆ ಕಳಿಸಲ್ಲವಲ್ಲ.

"ಹುಷಾರಾದೆ" ಅನ್ನೋ ಮಾತು ಎಷ್ಟು ಅಪಾಯ ಅಂತ ತಿಳ್ಕೋಬೇಕಾದ್ರೆ 1990ರ ಜನವರಿ 15ರ ಕಥೆ ಕೇಳ್ಬೇಕು. ನಮ್ಮ ಫೀಲ್ಡಿಗೆ ಬಂದ ಪ್ರತಿಯೊಬ್ಬರಿಗೂ ಯಾರಾದ್ರೂ ಹಿರಿಯರು ಹೇಳೇ ಹೇಳ್ತಾರೆ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲ. ನ್ಯೂಯಾರ್ಕಿನ ಒಂದು ಸ್ವಿಚ್ಚಿಗೆ ಸಣ್ಣ ತೊಂದರೆ ಆಗಿ ತನ್ನನ್ನ ತಾನೇ ರೀಸೆಟ್ ಮಾಡ್ಕೊಳ್ತು. ಕೆಲವೇ ಸೆಕೆಂಡಿನ ಕೆಲಸ. ಎದ್ದ ಮೇಲೆ ಅಕ್ಕಪಕ್ಕದ ಸ್ವಿಚ್ಚುಗಳಿಗೆ ಮತ್ತೆ ಸಂದೇಶ ಕಳಿಸೋಕೆ ಶುರು ಮಾಡ್ತು. ಅವು "ಓ, ಇವನು ಎದ್ದ" ಅಂತ ಬರ್ಕೊಳ್ತಾ ಇರುವಾಗಲೇ ಇನ್ನೊಂದು ಸಂದೇಶ ಬಂತು. ಹಿಂದಿನ ತಿಂಗಳಷ್ಟೇ ಹಾಕಿದ್ದ ಹೊಸ ಸಾಫ್ಟ್‌ವೇರಿನಲ್ಲಿ, ಸಿ ಭಾಷೆಯ ಒಂದು ಬ್ರೇಕ್ ಇರಬಾರದ ಕಡೆ ಇತ್ತು. ಆ ಎರಡನೇ ಸಂದೇಶಕ್ಕೆ ಪಕ್ಕದ ಸ್ವಿಚ್ಚುಗಳು ತಲೆ ಕೆಟ್ಟು ತಾವೂ ರೀಸೆಟ್ ಆದ್ವು. ಅವು ಎದ್ದು "ಹುಷಾರಾದೆ" ಅಂದಾಗ ಅವುಗಳ ಪಕ್ಕದವು ಬಿದ್ವು. ಹೀಗೆ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸ್ತಾ, ಏಳ್ತಾ, ಮತ್ತೆ ಬೀಳ್ತಾ ಸುಮಾರು ಒಂಬತ್ತು ಗಂಟೆ ಕಳೆದ್ವು. ಕೊನೆಗೆ ಸಿಗ್ನಲಿಂಗ್ ಸಂದೇಶಗಳ ಹೊರೆ ಕಡಿಮೆ ಮಾಡಿ ಸಮಾಧಾನ ಮಾಡಿದ್ರು. ಮೊದಲ ಸ್ವಿಚ್ಚಿನ ತೊಂದರೆಯಿಂದ ಜಾಲ ಬೀಳಲಿಲ್ಲ, ಅದು ಚೇತರಿಸಿಕೊಂಡಿದ್ದರಿಂದ ಬಿತ್ತು!

ಇದು ಹಳೇ ಕಾಲದ ಮಾತು ಅಂತೀರಾ? 2022ರ ಜುಲೈ 2ರ ಬೆಳಗಿನ ಜಾವ ಜಪಾನಿನ ಕೆಡಿಡಿಐ ಜಾಲದಲ್ಲಿ ಒಂದು ರೂಟರ್ ಬದಲಾಯಿಸುವ ಕೆಲಸ ನಡೀತಿತ್ತು. ಸುಮಾರು 15 ನಿಮಿಷ ಧ್ವನಿ ಕರೆಗಳ ಟ್ರಾಫಿಕ್ಕು ತುಂಡಾಯ್ತು. ಕೆಲಸ ವಾಪಸ್ ತಗೊಂಡ್ರು, ದಾರಿ ಮತ್ತೆ ತೆರೀತು. ಆದ್ರೆ ಅಷ್ಟರಲ್ಲಿ ಸಂಪರ್ಕ ಕಳ್ಕೊಂಡಿದ್ದ ಫೋನುಗಳೆಲ್ಲ "ನಾನಿಲ್ಲಿದೀನಿ, ನನ್ನ ಹೆಸರು ಬರ್ಕೊಳ್ಳಿ" ಅಂತ ಒಟ್ಟೊಟ್ಟಿಗೆ ನುಗ್ಗಿದ್ವು. ಜಾತ್ರೆ ದಿನ ಕಡೇ ಬಸ್ಸು ಬಂದಾಗ ಬಾಗಿಲಲ್ಲಿ ಆಗುತ್ತಲ್ಲ, ಅದು. ಹೆಸರು ಬರ್ಕೊಳ್ಳೋ ಡೇಟಾಬೇಸಿನಲ್ಲೇ ಲೆಕ್ಕ ತಪ್ಪಿತು. ಕಾಲು ಗಂಟೆಯ ತುಂಡು ಸರಿಹೋಗೋಕೆ ಸುಮಾರು 61 ಗಂಟೆ ಬೇಕಾಯ್ತು. ತುರ್ತು ಕರೆಗಳಿಗೂ ತೊಂದರೆ ಆಗಿತ್ತು.

ಈ ಎರಡೂ ಕಥೆಗಳನ್ನ ನಾನು ಹೊಸಬರಿಗೆ ಹೇಳ್ತಿದ್ದೆ. ಬೋರ್ಡ್ ಮೇಲೆ ಚಿತ್ರ ಬರೆದು, ಮಾರ್ಕರ್ ತಿರುಗಿಸ್ತಾ, ದೊಡ್ಡ ಮೇಷ್ಟ್ರ ಥರ. "ಹಸಿರು ನೋಡಿ ಮೋಸ ಹೋಗ್ಬೇಡಿ" ಅಂತ ಉಪದೇಶ ಬೇರೆ. ಈಗ ನಾನು ಮೋಸ ಹೋಗಿದ್ದನ್ನ ಕೇಳಿ.

ಆಫ್ರಿಕಾದ ಒಂದು ದೇಶದ ಆಪರೇಟರ್ ನಮ್ಮ ಗ್ರಾಹಕರು. ಅವರ ಜಾಲದಲ್ಲಿ ಸಿಗ್ನಲಿಂಗ್ ಸಂದೇಶಗಳನ್ನ ವಿಂಗಡಿಸೋ ಎರಡು ಪೆಟ್ಟಿಗೆಗಳಿವೆ. ಎಸ್‌ಟಿಪಿ ಅಂತೀವಿ. ರೈಲ್ವೇ ಸ್ಟೇಷನ್ನಿನ ಪಕ್ಕ ಆರ್‌ಎಂಎಸ್ ಅಂಚೆ ಕಚೇರಿ ನೋಡಿರ್ತೀರಲ್ಲ, ಕಾಗದ ಬಂತು, ವಿಳಾಸ ನೋಡಿದ್ರು, ಸರಿಯಾದ ಚೀಲಕ್ಕೆ ಎಸೆದ್ರು. ಅದೇ ಕೆಲಸ. ಎರಡು ಪೆಟ್ಟಿಗೆ ಇರೋದು ಒಂದು ಬಿದ್ರೆ ಇನ್ನೊಂದು ನೋಡ್ಕೊಳ್ಳಲಿ ಅಂತ. ಎರಡೂ ಸರಿ ಇದ್ದಾಗ ಅರ್ಧರ್ಧ ಹಂಚಿಕೊಳ್ತವೆ. ಅವತ್ತು ರಾತ್ರಿ ಮೊದಲನೇ ಪೆಟ್ಟಿಗೆಗೆ ಅಪ್‌ಗ್ರೇಡ್. ಅಲ್ಲಿ ನಡುರಾತ್ರಿ ಆದಾಗ ನಮಗೆ ಎರಡೂವರೆ. ಆ ಕಡೆ ಅವರ ಒಬ್ಬ ಇಂಜಿನಿಯರು, ಈ ಕಡೆ ನಾನು, ನಡುವೆ ಒಂದು ಕಾನ್ಫರೆನ್ಸ್ ಕಾಲ್. ಆ ಹುಡುಗನ ಮುಖ ನಾನು ನೋಡಿಲ್ಲ. ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ, ಕಾಂಟ್ರಾಕ್ಟ್ ಮೇಲಿದ್ದ. ಮಾತಿಗೊಂದು ಸಲ "ಸರ್" ಅಂತಿದ್ದ.

ಕೆಲಸ ಸಲೀಸಾಗಿ ಆಯ್ತು. ಟ್ರಾಫಿಕ್ಕೆಲ್ಲ ಎರಡನೇ ಪೆಟ್ಟಿಗೆಗೆ ಸರಿಸಿ, ಮೊದಲನೆಯದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿ, ಬ್ಯಾಕಪ್ಪಿನಿಂದ ಅದರ ವಿಳಾಸದ ಪಟ್ಟಿಗಳನ್ನ ವಾಪಸ್ ತುಂಬಿ, ಲಿಂಕುಗಳನ್ನ ಎಬ್ಬಿಸಿದ್ವಿ. ಒಂದೊಂದೇ ಹಸಿರಾಯ್ತು. ಟ್ರಾಫಿಕ್ಕು ಅರ್ಧ ಇತ್ತ, ಅರ್ಧ ಅತ್ತ, ತಕ್ಕಡಿ ಹಿಡಿದ ಹಾಗೆ. ಆ ಹುಡುಗ ತನ್ನ ಟೆಸ್ಟ್ ಸಿಮ್ಮಿಗೆ ಕಾಲ್ ಮಾಡಿ ನೋಡಿದ, ಹೋಯ್ತು. ನಮ್ಮಲ್ಲಿ ಬೆಳಗಿನ 5.40.

ಪರದೆಯ ಮೂಲೇಲಿ ಒಂದು ಕೌಂಟರ್ ಇತ್ತು. "ಈ ವಿಳಾಸಕ್ಕೆ ದಾರಿ ಗೊತ್ತಿಲ್ಲ" ಅಂತ ವಾಪಸ್ ಕಳಿಸಿದ ಸಂದೇಶಗಳ ಲೆಕ್ಕ. ಅದು ನಿಧಾನಕ್ಕೆ ಏರ್ತಿತ್ತು. ಜನ ತಪ್ಪು ನಂಬರ್ ಒತ್ತೋದು, ಮುಚ್ಚಿಹೋದ ನಂಬರಿಗೆ ಮೆಸೇಜ್ ಮಾಡೋದು ಎಲ್ಲಾ ಇದ್ದಿದ್ದೇ, ಹಾಗಾಗಿ ಆ ಕೌಂಟರ್ ಯಾವಾಗಲೂ ಸ್ವಲ್ಪ ಏರ್ತಾನೇ ಇರುತ್ತೆ. ಅಲಾರಂ ಬರೋ ಮಿತಿಗಿಂತ ಎಷ್ಟೋ ಕೆಳಗಿತ್ತು. ಆದ್ರೆ ಎರಡನೇ ಪೆಟ್ಟಿಗೆಯಲ್ಲಿ ಅದೇ ಕೌಂಟರ್ ಇದಕ್ಕಿಂತ ನಿಧಾನ ಏರ್ತಿತ್ತು. ನಾನು ಅದನ್ನ ನೋಡಿದ್ದೆ. ಈ ಬರಹದಲ್ಲಿ ನಾನು ಬರೆಯಲೇಬೇಕು ಅಂತ ಕೂತಿರೋ ವಾಕ್ಯ ಇದೊಂದೇ. ನಾನು ನೋಡಿದ್ದೆ. ಕೆಳಗೆ ಕ್ಯಾಬ್ ಬಂದು ನಿಂತಿತ್ತು. "ಸರ್, ನಿಮ್ಮ ಕಡೆ ಎಲ್ಲಾ ಸರಿ ಇದ್ರೆ ಕ್ಲೋಸ್ ಮಾಡ್ಲಾ?" ಅಂತ ಆ ಹುಡುಗ ಕೇಳಿದ. "ಎಲ್ಲಾ ಹಸಿರು, ಕ್ಲೋಸ್ ಮಾಡು" ಅಂದೆ.

ಆಗಿದ್ದು ಇಷ್ಟು. ನಾವು ತುಂಬಿದ ಬ್ಯಾಕಪ್ ಹಳೇದು. ಅದನ್ನ ತೆಗೆದಿಟ್ಟ ಮೇಲೆ ಆಪರೇಟರು ಎರಡು ಹೊಸ ನಂಬರ್ ಸರಣಿ ಶುರು ಮಾಡಿದ್ರು. ಮೊದಲನೇ ಪೆಟ್ಟಿಗೆಯ ಪಟ್ಟೀಲಿ ಅವು ಇರಲೇ ಇಲ್ಲ. ಹೊಸ ಸಿಮ್ ತಗೊಂಡವರಿಗೆ ಬರೋ ಕಾಲು, ಮೆಸೇಜುಗಳ ವಿಚಾರಣೆ ಆ ಪೆಟ್ಟಿಗೆಗೆ ಹೋದ್ರೆ ಸತ್ತಿತು, ಇನ್ನೊಂದಕ್ಕೆ ಹೋದ್ರೆ ಬದುಕಿತು. ಲಿಂಕುಗಳನ್ನ 8.2 ಸೆಕೆಂಡು ಪರೀಕ್ಷೆ ಮಾಡೋ ಪ್ರೋಟೋಕಾಲಿಗೆ ಪಟ್ಟೀಲಿ ಒಂದು ಸಾಲು ಕಾಣೆಯಾಗಿರೋದು ಗೊತ್ತಾಗಲ್ಲ. ದಾರಿ ಸರಿ ಇದೆ, ಪೋಸ್ಟ್‌ಮ್ಯಾನ್ ಹುಷಾರಾಗಿದ್ದಾನೆ, ಆದ್ರೆ ಆ ಮನೆ ಅವನ ಲೆಕ್ಕದಲ್ಲೇ ಇಲ್ಲ. ಹುಡುಗನ ಟೆಸ್ಟ್ ಸಿಮ್ಮು ಹಳೇ ಸರಣಿಯದ್ದು.

ಪೂರ್ತಿ ಕೆಟ್ಟಿದ್ರೆ ಹತ್ತು ನಿಮಿಷದಲ್ಲಿ ಗಲಾಟೆ ಆಗಿ ಗೊತ್ತಾಗ್ತಿತ್ತು. ಅರ್ಧ ಕೆಟ್ಟಿದ್ದು ಯಾರಿಗೂ ಗೊತ್ತಾಗಲ್ಲ. ಒಂದು ಸಲ ಕಾಲ್ ಹೋಗ್ಲಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಇನ್ನೊಂದು ಸಲ ಒತ್ತುತೀವಿ. ಹೋಯ್ತು, ಮರೆತುಬಿಟ್ವಿ. ಅಲ್ಲಿ ತರಕಾರಿ ಮಾರೋರೂ ದುಡ್ಡನ್ನ ಫೋನಲ್ಲೇ ತಗೊಳ್ತಾರೆ. ದುಡ್ಡು ಬಂತು ಅನ್ನೋ ಮೆಸೇಜು ತಡವಾದ್ರೆ ಅವರು ಸಾಮಾನು ಕೊಡಲ್ಲ. ಗಿರಾಕಿ "ಕಳಿಸಿದೀನಿ" ಅಂತಾನೆ, ಅವರು "ಬಂದಿಲ್ಲ" ಅಂತಾರೆ. ಆ ಬೆಳಿಗ್ಗೆ ಎಷ್ಟು ಜನ ಹೀಗೆ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂದ್ಕೊಂಡ್ರೋ. ಕೊನೆಗೆ ಸಿಮ್ ಮಾರೋ ಒಬ್ಬ ಏಜೆಂಟ್ ಹಠ ಹಿಡಿದು ದೂರು ಕೊಟ್ಟಿದ್ದರಿಂದ ಸಿಕ್ಕಿಬಿತ್ತು. ಎರಡು ಸಾಲು ಸೇರಿಸಿದಾಗ ನಮ್ಮಲ್ಲಿ ಸಂಜೆ 4.10. ಹತ್ತೂವರೆ ಗಂಟೆ. ಅಷ್ಟು ಹೊತ್ತೂ ಪರದೆ ಹಸಿರಾಗೇ ಇತ್ತು.

ಆಮೇಲೆ ಬರೋದು ಆರ್‌ಸಿಎ. ಯಾಕಾಯ್ತು ಅನ್ನೋ ವರದಿ. ಆ ರಾತ್ರಿ ಶಿಫ್ಟಿನಲ್ಲಿದ್ದವನು ನಾನೇ, ಹಾಗಾಗಿ ಬರೆಯೋದೂ ನನ್ನ ಪಾಲಿಗೇ ಬಂತು. ನಮ್ಮ ವರದಿಗಳ ಭಾಷೆ ನಿಮಗೂ ಗೊತ್ತಿರುತ್ತೆ. ಅದರಲ್ಲಿ ಯಾರೂ ಏನೂ ಮಾಡಿರಲ್ಲ, ಎಲ್ಲಾ ತಾನಾಗೇ ಆಗಿರುತ್ತೆ. "ಹಳೆಯ ಬ್ಯಾಕಪ್ ಬಳಸಲ್ಪಟ್ಟಿತ್ತು." "ವ್ಯತ್ಯಾಸವು ಗಮನಕ್ಕೆ ಬಂದಿರಲಿಲ್ಲ." ಕೊನೇಲಿ ಒಂದು ಸಾಲು: "ಕೆಲಸದ ನಂತರದ ಪರೀಕ್ಷೆ ಗ್ರಾಹಕರ ಕಡೆಯಿಂದ ಅಪೂರ್ಣವಾಗಿತ್ತು." ಸುಳ್ಳಲ್ಲ. ಅವನು ಹಳೇ ಸಿಮ್ಮಿನಿಂದ ನೋಡಿದ್ದು ನಿಜ. ಮ್ಯಾನೇಜರು ಓದಿ "ಚೆನ್ನಾಗಿದೆ, ಸೋಮವಾರ ಕಳಿಸೋಣ" ಅಂದ್ರು. ಆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ನಿದ್ದೆ ಬರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಅಂತ ನನಗೆ ನಾನೇ ಹೇಳ್ಕೊಂಡೆ.

ಅಪ್ಪ 2020ರ ಜನವರಿಯಲ್ಲಿ ಸ್ವಯಂ ನಿವೃತ್ತಿ ತಗೊಂಡ. ಈಗ ಒಂದಿಷ್ಟು ಅಡಿಕೆ ಮರ, ಎರಡು ದನ. ಅವನ ಹಳೇ ಟೆಸ್ಟ್ ಫೋನು ಇನ್ನೂ ಜಗಲಿಯ ಮೊಳೇಲಿ ನೇತಾಡ್ತಿದೆ. ಚುಚ್ಚೋಕೆ ತಂತಿಯೇ ಇಲ್ಲ ಊರಲ್ಲಿ, ಈಗೆಲ್ಲ ಫೈಬರು. ಮಧ್ಯಾಹ್ನ ಊಟ ಆಗಿ ಕವಳ ಹಾಕ್ತಾ "ಎಂತಕ್ಕೆ ಮುಖ ಹಂಗಿದೆ?" ಅಂತ ಕೇಳಿದ. ಹೇಳಿದೆ. ಎಸ್‌ಟಿಪಿ, ಪಟ್ಟಿ ಎಲ್ಲಾ ಅವನಿಗೆ ಅರ್ಥ ಆಗಲ್ಲ ಅಂದ್ಕೊಂಡು ಸುತ್ತಿ ಬಳಸಿ ಹೇಳ್ತಿದ್ರೆ, ನಡುವೆ ತಡೆದು ಒಂದೇ ಪ್ರಶ್ನೆ ಕೇಳಿದ. "ಹೊಸ ನಂಬರಿಗೆ ಮಾತಾಡಿ ನೋಡಿದ್ಯಾ?"

"ಇಲ್ಲ. ಎಲ್ಲಾ ಹಸಿರಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾನು ಯಾವತ್ತೂ ಕೇಳಿರದ ಒಂದು ಕಥೆ ಹೇಳಿದ.

2001ರ ಮಳೆಗಾಲ. ನನಗಾಗ ನಾಲ್ಕು ವರ್ಷ. ನಮ್ಮೂರಿಗೆ ಬಂದಿದ್ದು ಸಿ-ಡಾಟ್‌ನವರ ಹಳ್ಳಿ ಎಕ್ಸ್‌ಚೇಂಜು. ಏಸಿ ಬೇಕಿಲ್ಲದ, ಹಳ್ಳಿಯ ಧೂಳು ಸೆಕೆ ತಡಕೊಳ್ಳೋ ಪುಟ್ಟ ಪೆಟ್ಟಿಗೆ. ಆ ಜಾತಿಯ ಮೊದಲನೇ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಲ್ಲೇ ಶುರುವಾಗಿದ್ದು ಅಂತ ಅಪ್ಪನಿಗೆ ಈಗಲೂ ಹೆಮ್ಮೆ. ಹೊಳೆಯಾಚೆ ಒಂದೇ ಒಂದು ಮನೆಗೆ ಫೋನಿತ್ತು. ಒಬ್ಬ ಅಜ್ಜಿ, ಅವಳ ಮಗ ಮುಂಬೈಲಿ ಹೋಟೆಲ್ ಕೆಲಸ. ಪ್ರತಿ ಭಾನುವಾರ ಫೋನ್ ಮಾಡ್ತಿದ್ದ. ಒಂದು ಗುರುವಾರ ಅಜ್ಜಿ ಮನೆ ಫೋನು ಸತ್ತಿದೆ ಅಂತ ಯಾರೋ ಬಂದು ಹೇಳಿದ್ರು. ಶುಕ್ರವಾರ ಅಪ್ಪ ಹೋದ. ಈಚೆ ದಡದ ಹತ್ರ ಜಾಯಿಂಟಿಗೆ ನೀರು ಹೋಗಿತ್ತು, ಸರಿ ಮಾಡಿದ. ಹೊಳೆ ಕೆಂಪಗೆ ಉಕ್ಕಿ ಹರೀತಿತ್ತು, ಸಂಕ ಕೊಚ್ಚಿಕೊಂಡು ಹೋಗಿತ್ತು. ದಡದ ಕಂಬಕ್ಕೆ ಟೆಸ್ಟ್ ಫೋನ್ ಸಿಕ್ಕಿಸಿ ನೋಡಿದ. ಟೋನ್ ಚೆನ್ನಾಗಿ ಬಂತು. ವಾಪಸ್ ಬಂದು ಫಾಲ್ಟ್ ರಿಜಿಸ್ಟರಲ್ಲಿ ಆ ನಂಬರಿನ ಮುಂದೆ "ಓಕೆ" ಅಂತ ಬರೆದು ಸಹಿ ಹಾಕಿದ.

"ಆಚೆ ದಡದಲ್ಲೂ ಮರ ಬಿದ್ದು ತಂತಿ ತುಂಡಾಗಿತ್ತು ಮಾರಾಯ. ನಾನು ನೋಡ್ಲೇ ಇಲ್ಲ."

ಇಲ್ಲೊಂದು ವಿಷಯ ನಿಮಗೆ ಹೇಳ್ಬೇಕು. ಹಳೇ ಲ್ಯಾಂಡ್‌ಲೈನಿನಲ್ಲಿ ಎರಡು ತಂತಿ ಒಂದಕ್ಕೊಂದು ತಾಗಿಕೊಂಡ್ರೆ ಫೋನ್ ಮಾಡಿದವರಿಗೆ ಎಂಗೇಜ್ ಕೇಳ್ಸುತ್ತೆ. ಆದ್ರೆ ತಂತಿ ತುಂಡಾದ್ರೆ? ರಿಂಗ್ ಆಗೋದು ಕೇಳ್ಸುತ್ತೆ! ಯಾಕಂದ್ರೆ ನಮ್ಮ ಕಿವಿಗೆ ಬೀಳೋ ಆ "ಟ್ರೂಂ ಟ್ರೂಂ" ಆ ಮನೆಯ ಫೋನಿನದ್ದಲ್ಲ. ಅದನ್ನ ಹುಟ್ಟಿಸೋದು ಎಕ್ಸ್‌ಚೇಂಜು. "ನಾನು ಗಂಟೆ ಬಾರಿಸ್ತಿದೀನಿ" ಅಂತ ಎಕ್ಸ್‌ಚೇಂಜ್ ಹೇಳ್ತಿರುತ್ತೆ. ಗಂಟೆ ಬಡ್ಕೊಳ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಭಾನುವಾರ ಮಗ ಫೋನ್ ಮಾಡಿದ. ರಿಂಗ್ ಆಗ್ತಾ ಇತ್ತು, ಯಾರೂ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದ. ರಾತ್ರಿ ಮಾಡಿದ. ಸೋಮವಾರ ಮಾಡಿದ. ಫೋನ್ ಕೆಟ್ಟಿದೆ ಅಂತ ಅನ್ನಿಸಿದ್ರೆ ಸುಮ್ಮನಿರ್ತಿದ್ನೇನೋ. ರಿಂಗ್ ಆಗ್ತಿದೆಯಲ್ಲ! ಒಂಟಿ ಮುದುಕಿ, ಮಳೆ, ಹೊಳೆ.. ಮಂಗಳವಾರ ಸಿಕ್ಕ ಬಸ್ಸು ಹತ್ತಿದ. ಬುಧವಾರ ನಮ್ಮೂರಲ್ಲಿ ಇಳಿದಾಗ ಎದುರಿಗೆ ಸಿಕ್ಕಿದ್ದು ಅಪ್ಪ. "ಫೋನ್ ರಿಂಗ್ ಆಗ್ತಿದೆ, ಯಾರೂ ಎತ್ತಲ್ಲ. ನಮ್ಮಮ್ಮ ಹುಷಾರಿದಾರಾ?" ಅಂತ ಕೇಳಿದನಂತೆ.

"ಆಗ ನನ್ ಕಾಲಡಿ ನೆಲ ಕುಸಿದಂಗಾಯ್ತು" ಅಂದ ಅಪ್ಪ.

ಇಬ್ಬರೂ ಸೇರಿ ಮೇಲಿನ ಸೇತುವೆ ಸುತ್ತಿಕೊಂಡು, ಜಿಗಣೆ ಕಚ್ಚಿಸ್ಕೊಂಡು ನಾಲ್ಕು ಮೈಲಿ ನಡೆದ್ರು. ದಾರಿ ಉದ್ದಕ್ಕೂ ಇಬ್ಬರೂ ಒಂದು ಮಾತಾಡ್ಲಿಲ್ಲ. ಹೋಗಿ ನೋಡಿದ್ರೆ ಅಜ್ಜಿ ಜಗಲೀಲಿ ಕೂತು ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೀತಿದ್ದಳು. "ಎಂತಕ್ಕೆ ಬಂದ್ಯಾ? ಒಂದು ಫೋನಾದ್ರೂ ಮಾಡದಲ್ವನಾ?" ಅಂತ ಮಗನಿಗೇ ಬೈದಳು. ಮಗ ಮೊದಲು ನಕ್ಕ. ಆಮೇಲೆ ಜಗಲಿ ಮೆಟ್ಟಿಲ ಮೇಲೆ ಕೂತು ಸಣ್ಣ ಹುಡುಗನ ಥರ ಅತ್ತ. ಹೇಳದೆ ಬಂದಿದ್ದಕ್ಕೆ ಹೋಟೆಲಿನವರು ಆ ತಿಂಗಳ ಸಂಬಳದಲ್ಲಿ ಹಿಡ್ಕೊಂಡ್ರು ಅಂತ ಆಮೇಲೆ ಗೊತ್ತಾಯ್ತಂತೆ. ಅಜ್ಜಿ ಅಪ್ಪನಿಗೂ ಪತ್ರೊಡೆ ಕೊಟ್ಟಳು. "ಗಂಟಲಲ್ಲಿ ಇಳೀಲಿಲ್ಲ" ಅಂದ.

ಅವತ್ತೇ ತಂತಿ ಜೋಡಿಸಿ, ಆ ಮನೆ ಫೋನಿನಿಂದಲೇ ಎಕ್ಸ್‌ಚೇಂಜಿಗೆ ಮಾತಾಡಿ ನೋಡಿ, ವಾಪಸ್ ಬಂದು ರಿಜಿಸ್ಟರ್ ತೆಗೆದ. ಶುಕ್ರವಾರದ "ಓಕೆ" ಮೇಲೆ ಗೀಟು ಹಾಕಿ ಪಕ್ಕದಲ್ಲಿ ಬರೆದ: "ಮನೆಯಿಂದ ಮಾತಾಡಿ ನೋಡಿರಲಿಲ್ಲ. ತಪ್ಪು ನನ್ನದು." ಸಹಿ. ಮೇಲಿನವರು ರಿಜಿಸ್ಟರಲ್ಲಿ ಹೀಗೆಲ್ಲ ಗೀಚಬಾರದು ಅಂತ ಚೆನ್ನಾಗಿ ಬೈದ್ರಂತೆ. "ಬೈಲಿ. ಆ ಓಕೆ ಹಂಗೇ ಇದ್ದಿದ್ರೆ ಅದು ಸುಳ್ಳಾಗ್ತಿತ್ತಲ್ಲ" ಅಂದ. ಆಮೇಲೆ ರಿಟೈರ್ ಆಗೋವರೆಗೂ ಮನೆಯ ಫೋನಿನಿಂದ ಯಾರ ಹತ್ರನಾದ್ರೂ ಎರಡು ಮಾತಾಡದೆ ಓಕೆ ಬರೀಲಿಲ್ಲವಂತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋದಾಗ, ಫೋನ್ ಸರಿಯಾದ ಮೇಲೂ ಇವನ್ಯಾಕೆ "ಹಲೋ, ಊಟ ಆಯ್ತಾ, ಮಳೆ ಹೆಂಗಿದೆ" ಅಂತ ಕಾಲಹರಣ ಮಾಡ್ತಾನೆ ಅಂತ ನನಗೆ ಸಿಟ್ಟು ಬರ್ತಿತ್ತು. ಕಾರಣ ಈಗ ಗೊತ್ತಾಯ್ತು.

ಕವಳ ಉಗಿದು ಬಂದು ಕೊನೆಗೆ ಕೇಳಿದ. "ಆ ಕಡೆ ಇದ್ದ ಹುಡುಗನ ಕಥೆ ಎಂತ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಂದ್ರೆ ಇತ್ತು, ಬ್ಯಾಗಲ್ಲಿದ್ದ ಲ್ಯಾಪ್‌ಟಾಪಿನಲ್ಲಿ, ವರದಿಯ ಕೊನೇ ಸಾಲಲ್ಲಿ.

ಆ ರಾತ್ರಿ ಜಗಲೀಲಿ ಕೂತು ಆ ಸಾಲು ಅಳಿಸಿದೆ. ಬದಲಿಗೆ ಬರೆದೆ: ಎರಡು ಪೆಟ್ಟಿಗೆಗಳ ಕೌಂಟರಿನಲ್ಲಿ ವ್ಯತ್ಯಾಸ ಇದ್ದಿದ್ದನ್ನ ನಾನು ನೋಡಿದ್ದೆ, ಮಾಮೂಲಿ ಅಂತ ಬಿಟ್ಟೆ. ಕ್ಲೋಸ್ ಮಾಡಲು ಹೇಳಿದ್ದು ನಾನು. ಗ್ರಾಹಕರ ಇಂಜಿನಿಯರು ನನ್ನ ಮಾತಿನ ಮೇಲೆ ಕ್ಲೋಸ್ ಮಾಡಿದ್ದಾರೆ. ಹೊಸ ಸರಣಿಯಿಂದ ಪರೀಕ್ಷಿಸಬೇಕು ಅಂತ ನಮ್ಮ ಪಟ್ಟಿಯಲ್ಲೂ ಇರಲಿಲ್ಲ. ಎರಡು ಸಲ ಓದಿದೆ. ಕೈ ಸ್ವಲ್ಪ ನಡುಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ.

ಸೋಮವಾರ ಮ್ಯಾನೇಜರಿಗೆ ಸಂತೋಷ ಏನೂ ಆಗಲಿಲ್ಲ. "ನಾನು ಅನ್ನೋದನ್ನ ಯಾರಾದ್ರೂ ವರದೀಲಿ ಬರೀತಾರೇನ್ರೀ?" ಅಂದ್ರು. ಅಪ್ಪನ ರಿಜಿಸ್ಟರ್ ನೆನಪಾಗಿ ನಗು ಬಂತು, ತಡ್ಕೊಂಡೆ. "ನಾನು" ಹೋಗಿ "ನಮ್ಮ ಶಿಫ್ಟ್ ಇಂಜಿನಿಯರ್" ಅಂತಾಯ್ತು. ಆದ್ರೆ ಉಳಿದಿದ್ದು ಉಳೀತು, ಆ ಹುಡುಗನ ಮೇಲಿನ ಸಾಲು ವಾಪಸ್ ಬರಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ಅದಕ್ಕೆ ತಕ್ಕ ಪ್ರಸಾದವೂ ಸಿಕ್ಕಿತು ಬಿಡಿ :(

ಈಗ ನಮ್ಮಲ್ಲಿ ಒಂದು ನಿಯಮ ಇದೆ. ಪಟ್ಟಿ ವಾಪಸ್ ತುಂಬಿದ ಮೇಲೆ ಎರಡೂ ಪೆಟ್ಟಿಗೆಗಳ ಪಟ್ಟಿಗಳನ್ನ ಸಾಲಿಗೆ ಸಾಲು ಹೋಲಿಸಿ ನೋಡ್ಬೇಕು. ಪ್ರತಿ ನಂಬರ್ ಸರಣಿಯಿಂದ ಒಂದೊಂದು ಸಿಮ್ಮಿಗೆ, ಒಂದು ಸಲ ಈ ಪೆಟ್ಟಿಗೆ ಮೂಲಕ, ಒಂದು ಸಲ ಆ ಪೆಟ್ಟಿಗೆ ಮೂಲಕ ಕಾಲ್ ಮಾಡ್ಬೇಕು. ರಿಂಗ್ ಆದ್ರೆ ಸಾಲದು, ಎತ್ತಿ ಮಾತಾಡ್ಬೇಕು. ಇದೇನು ದೊಡ್ಡ ಆವಿಷ್ಕಾರ ಅಲ್ಲ, ಒಬ್ಬ ಲೈನ್‌ಮ್ಯಾನಿಗೆ 2001ರಲ್ಲೇ ಗೊತ್ತಿದ್ದಿದ್ದು.

ಹೋದ ತಿಂಗಳು ಎರಡನೇ ಪೆಟ್ಟಿಗೆಗೆ ಅದೇ ಅಪ್‌ಗ್ರೇಡ್ ಇತ್ತು. ಅದೇ ಹುಡುಗ, ಅದೇ ಬೆಳಗಿನ ಜಾವ. ಎಲ್ಲಾ ಹಸಿರಾಯ್ತು. ಕೆಳಗೆ ಕ್ಯಾಬ್ ಬಂದು ಹಾರ್ನ್ ಹೊಡೀತಿತ್ತು. ಅವನು ಒಂದೊಂದೇ ಸಿಮ್ಮು ಬದಲಾಯಿಸ್ತಾ, ಕಾಲ್ ಎತ್ತ್ತಾ "ಹಲೋ ಸರ್, ಕೇಳ್ತಿದೆಯಾ?" ಅಂತಿದ್ದ. ಕೊನೇ ಸಿಮ್ಮಿಗೆ ಕಾಲ್ ಹೋದಾಗ ನಾನು "ಊಟ ಆಯ್ತಾ? ನಿಮ್ಮಲ್ಲಿ ಮಳೆ ಹೆಂಗಿದೆ?" ಅಂತ ಕೇಳಿದೆ, ಇಂಗ್ಲಿಷಲ್ಲಿ. ಬೆಳಗಿನ ಜಾವ ಮೂರು ಗಂಟೆಗೆ ಊಟದ ಸುದ್ದಿ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. "ಮಳೆ ಜೋರಿದೆ ಸರ್" ಅಂದ.

ಟಿಕೆಟ್ ಕ್ಲೋಸ್ ಮಾಡಿದೆ.

ಅಂದ ಹಾಗೆ, ನಿಮ್ಮ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್ ನಿಮಗೆ ನೆನಪಿದೆಯಾ? ನಂಬರ್ ಇಲ್ಲಿ ಬರೀಬೇಡಿ, ಅದು ಸತ್ತಾಗ ಕಂಬ ಹತ್ತೋಕೆ ಬರ್ತಿದ್ದವರ ನೆನಪಿದ್ರೆ ಬರೀರಿ. ಅಪ್ಪನಿಗೆ ಓದಿ ಹೇಳ್ತೀನಿ.